ಒಡೆಯದ ಹಾಲು

ಔತಚ್ಚನ್ ಅವರ ರಕ್ತದಲ್ಲಿ ಸಿಆರ್‌ಪಿ ಇಲ್ಲವೆಂದು ಬರೆದು ಸಹಿ ಮಾಡಿದವಳು ನಾನೇ. ಸೋಮವಾರ ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ, ನೀಲಿ ಶಾಯಿಯಲ್ಲಿ, ಅಕ್ಷರಗಳು ಒಂದಕ್ಕೊಂದು ತಾಗದಂತೆ.

ಕುಟ್ಟನಾಡಿನ ಕಾಲುವೆಯ ದಂಡೆಯಲ್ಲಿರುವ ನಮ್ಮ ಆಸ್ಪತ್ರೆಯಲ್ಲಿ ಮೂವತ್ತು ಹಾಸಿಗೆಗಳಿವೆ, ಪ್ರಯೋಗಾಲಯದಲ್ಲಿ ನಾವಿಬ್ಬರೇ. ನಾನು ಚೇಚಿ, ಅಂದರೆ ಅಕ್ಕ, ಎಂದು ಕರೆಯುವ ಮೋನಮ್ಮನವರಿಗೆ ಮೂವತ್ತೊಂದು ವರ್ಷಗಳ ಅನುಭವ, ನನಗೆ ಏಳು ತಿಂಗಳಿನದು. ಸಿಆರ್‌ಪಿ ಅಳೆಯುವ ಯಂತ್ರ ಕೆಟ್ಟು, ರಿಪೇರಿಗೆಂದು ಎರ್ನಾಕುಳಕ್ಕೆ ಹೋಗಿ ಎರಡು ವಾರಗಳಾಗಿದ್ದವು. ಆದ್ದರಿಂದ ಚೇಚಿ ಕಪಾಟಿನ ಮೇಲಿಂದ ಕಪ್ಪು ಗಾಜಿನ ಹಲಗೆಯನ್ನು ಇಳಿಸಿ, ಹಳೆಯ ಪದ್ಧತಿಯನ್ನು ನನಗೆ ಕಲಿಸಿದ್ದರು. ರೋಗಿಯ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ, ಒಂದು ತೊಟ್ಟು; ಹಾಲಿನಂಥ ದ್ರಾವಣ ಒಂದು ತೊಟ್ಟು. ಎರಡನ್ನೂ ಕಡ್ಡಿಯಿಂದ ಕಲಸಿ, ಹಲಗೆಯನ್ನು ಎರಡು ನಿಮಿಷ ತೂಗಬೇಕು. ದೇಹದಲ್ಲಿ ಉರಿಯೂತವಿದ್ದರೆ ಯಕೃತ್ತು ಸಿಆರ್‌ಪಿ ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ, ಅದು ಆ ಹಾಲನ್ನು ಒಡೆಸುತ್ತದೆ. ಒಡೆದರೆ, ಸೀರಂಗೆ ಸಲೈನ್ ಬೆರೆಸಿ ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ತೆಳುವಾಗಿಸುತ್ತ, ಎಲ್ಲಿಯವರೆಗೆ ಒಡೆಯುತ್ತದೆಂದು ನೋಡಿ ಪ್ರಮಾಣವನ್ನು ಲೆಕ್ಕ ಹಾಕಬೇಕು. ಹಾಲು ನುಣುಪಾಗಿಯೇ ಉಳಿದರೆ ‘ಇಲ್ಲ’ ಎಂದು ಬರೆದು ಮುಂದಿನ ರೋಗಿಗೆ ಹೋಗಬೇಕು.

ಫ್ರಿಜ್ಜಿನ ಬಾಗಿಲಿಗೆ ಚೇಚಿಯ ಕೈಬರಹದ ಚೀಟಿಯೊಂದು ಅಂಟಿಕೊಂಡಿತ್ತು: ‘ಒಡೆದರೆ ಮಾತ್ರ ತೆಳುಮಾಡಿ.’ ದ್ರಾವಣದ ಸೀಸೆ ಚಿಕ್ಕದು. ಮೊದಲ ದಿನ ನಾನು ನುಣುಪಾದ ಒಂದು ತೊಟ್ಟನ್ನು ಎರಡನೆಯ ಬಾರಿ ಪರೀಕ್ಷಿಸಲು ಹೋದಾಗ ಅವರು ನಕ್ಕಿದ್ದರು.

“ಒಡೀದೆ ಇರೋ ಹಾಲನ್ನ ಮತ್ತೆ ಮತ್ತೆ ಕಾಯ್ಸಿ ನೋಡ್ತಾರೇನೇ ಜಿಸ್ನಾ? ಟೀ ಮಾಡ್ಕೊಂಡು ಕುಡೀಬೇಕಪ್ಪ.”

ಔತಚ್ಚನ್ ಬಾತುಕೋಳಿ ಮೇಯಿಸುವವರು. ಅರವತ್ತನಾಲ್ಕು ವಯಸ್ಸು, ಸಕ್ಕರೆ ಕಾಯಿಲೆ. ಕೊಯ್ಲು ಮುಗಿದ ಗದ್ದೆಯಲ್ಲಿ ಬಾತುಗಳ ಹಿಂದೆ ನಡೆಯುವಾಗ ಕಪ್ಪೆಚಿಪ್ಪೊಂದು ಬಲ ಹಿಮ್ಮಡಿಯನ್ನು ಸೀಳಿತ್ತು. ಲೀಟರಿಗೆ ಆರು ಮಿಲಿಗ್ರಾಂ ದಾಟಬಾರದ ಸಿಆರ್‌ಪಿ, ಶನಿವಾರ ದಾಖಲಾದಾಗ ಅವರಲ್ಲಿ ತೊಂಬತ್ತಾರಿತ್ತು. ಸೂಜಿಮದ್ದು, ಜ್ವರದ ಮಾತ್ರೆ ಕೊಟ್ಟ ಮೇಲೆ ಭಾನುವಾರ ಜ್ವರ ಇಳಿದಿತ್ತು. ಸೋಮವಾರ ಬೆಳಿಗ್ಗೆ ರಕ್ತ ತೆಗೆಯಲು ಹೋದಾಗ ಅವರು ಆಗಲೇ ಅಂಗಿ ತೊಟ್ಟು ಕುಳಿತಿದ್ದರು. ಅವರಿಗೆ ನಾನು ‘ಮೋಳೆ’, ಮಗಳು; ನನಗೆ ಅವರು ‘ಅಪ್ಪಚ್ಚ’, ಅಜ್ಜ.

“ತಗೋ ಮೋಳೆ, ತಗೋ. ಅದ್ರಲ್ಲಿ ಅರ್ಧ ಬಾತುಗಳದ್ದೇ ರಕ್ತ. ಸೀಸೆ ಒಳಗಿಂದ ಕೂಗಿದ್ರೆ ಹೆದರ್ಕೋಬೇಡ.”

“ಅಪ್ಪಚ್ಚಾ, ಕೈ ಅಲ್ಲಾಡಿಸ್ಬೇಡಿ.”

“ನಾನೆಲ್ಲಿ ಅಲ್ಲಾಡಿಸ್ತೀನಿ? ಅದೇ ಅಲ್ಲಾಡ್ತಿದೆ. ಎಂಟುನೂರು ಬಾತುಗಳನ್ನ ಭಾಮೈದನ ಕೈಗೆ ಬಿಟ್ಟು ಬಂದಿದೀನಿ. ನಿನ್ನ ಕೈಯಾದ್ರೂ ನಡುಗ್ತಿತ್ತು!”

ನಾನು ನಕ್ಕೆ. ಆ ನಡುಕವನ್ನು ಎಲ್ಲಿಯೂ ಬರೆದುಕೊಳ್ಳಲಿಲ್ಲ.

ಹಾಲು ಒಡೆಯಲಿಲ್ಲ. ನಾನು ಸಹಿ ಮಾಡಿದೆ. ವರದಿಯನ್ನು ನೋಡಿದ ಡಾಕ್ಟರ್ ಹರೀಂದ್ರನ್, ಮನೆಗೆ ಹೋಗಬಹುದೆಂದು ಬರೆದರು.

ಹನ್ನೊಂದು ಗಂಟೆಗೆ ದಾಖಲೆ ಪುಸ್ತಕದಲ್ಲಿ ಹೊಸ ಫಲಿತಾಂಶಗಳ ಪಕ್ಕದಲ್ಲಿ ಹಳೆಯವನ್ನು ಬರೆಯುತ್ತಿದ್ದೆ. ಯಾರೂ ಹೇಳದಿದ್ದರೂ ನಾನು ಮಾಡುವ ಕೆಲಸವದು. ಶನಿವಾರ ತೊಂಬತ್ತಾರು, ಸೋಮವಾರ ಇಲ್ಲ. ಪೆನ್ನು ಅಲ್ಲೇ ನಿಂತಿತು. ರಕ್ತದಲ್ಲಿರುವ ಸಿಆರ್‌ಪಿ ಅರ್ಧಕ್ಕಿಳಿಯಲು ಹತ್ತೊಂಬತ್ತು ಗಂಟೆಗಳು ಬೇಕು. ಶನಿವಾರವೇ ಯಕೃತ್ತು ಅದರ ಉತ್ಪಾದನೆಯನ್ನು ಪೂರ್ತಿ ನಿಲ್ಲಿಸಿದ್ದರೂ, ನಲವತ್ತೆಂಟು ಗಂಟೆಗಳ ನಂತರ ಹದಿನಾರಾದರೂ ಉಳಿದಿರಲೇಬೇಕು. ನಮ್ಮ ಹಲಗೆಯ ಮೇಲೆ ಆರಿದ್ದರೂ ಹಾಲು ಒಡೆಯುತ್ತದೆ.

“ಚೇಚಿ, ಔತಚ್ಚನ್ ಅವರದ್ದು ಇಷ್ಟು ಬೇಗ ಇಳಿಯೋಕೆ ಸಾಧ್ಯಾನೇ ಇಲ್ಲ. ಇಎಸ್‌ಆರ್ ಬೇರೆ ನೂರಾ ಹನ್ನೆರಡಿದೆ.” ಉರಿಯೂತವನ್ನು ಸೂಚಿಸುವ ಇನ್ನೊಂದು ರಕ್ತಪರೀಕ್ಷೆ ಅದು.

“ಇಎಸ್‌ಆರ್ ಸೋಮಾರಿ ಕಣೇ, ಇಳಿಯೋಕೆ ವಾರಗಟ್ಟಲೆ ತಗೊಳ್ಳತ್ತೆ. ಔಷಧ ಕೆಲಸ ಮಾಡಿದೆ, ಅಷ್ಟೇ. ಮುದುಕ ಹನ್ನೊಂದೂವರೆ ದೋಣಿ ಹತ್ತಿ ಬಾತುಗಳ ಹತ್ರ ಹೋಗ್ಲಿ ಬಿಡು.”

ನಾನು ಚೀಟಿಯ ಮಾತನ್ನು ಮೀರಿದೆ. ಬೆಳಗಿನ ಸೀರಂ ತೆಗೆದು ಎರಡು ಪಟ್ಟು ತೆಳುಮಾಡಿದೆ. ನುಣುಪು. ನಾಲ್ಕು ಪಟ್ಟು: ಅಂಚಿನಲ್ಲಿ ಏನೋ ಕದಲಿದಂತಾಯಿತು. ಎಂಟು ಪಟ್ಟು: ಹಲಗೆಯನ್ನು ಮೂರು ಸಲ ತೂಗುವಷ್ಟರಲ್ಲಿ ಹಾಲು ಚೂರುಚೂರಾಗಿ ಒಡೆಯಿತು. ಹದಿನಾರಕ್ಕೆ ಒಡೆಯಿತು. ಮೂವತ್ತೆರಡಕ್ಕೆ ಒಡೆಯಿತು. ಅರವತ್ತನಾಲ್ಕಕ್ಕೂ ಒಡೆಯಿತು. ನೂರ ಇಪ್ಪತ್ತೆಂಟಕ್ಕೆ ಒಡೆಯಲಿಲ್ಲ. ಆರನ್ನು ಅರವತ್ತನಾಲ್ಕರಿಂದ ಗುಣಿಸಿದರೆ ಮುನ್ನೂರ ಎಂಬತ್ತನಾಲ್ಕು.

ಹಾಲಿನ ಕಣಗಳು ಒಂದಕ್ಕೊಂದು ಅಂಟಬೇಕಾದರೆ ಅವುಗಳ ನಡುವೆ ಸಿಆರ್‌ಪಿ ಸೇತುವೆಯಾಗಬೇಕು. ಅದು ಮಿತಿಮೀರಿದ್ದರೆ ಪ್ರತಿ ಕಣದ ಮೈಯನ್ನೂ ತಾನೇ ತುಂಬಿಕೊಳ್ಳುತ್ತದೆ. ಎಲ್ಲರ ಎರಡೂ ಕೈಗಳಲ್ಲಿ ತಟ್ಟೆಗಳಿದ್ದರೆ ಯಾರು ಯಾರ ಕೈಯನ್ನು ಹಿಡಿಯಬೇಕು? ಆಗ ಹಾಲು ನುಣುಪಾಗಿಯೇ ಉಳಿಯುತ್ತದೆ, ಸಾಕಷ್ಟು ತೆಳುಮಾಡಿದ ಮೇಲಷ್ಟೇ ಒಡೆಯುತ್ತದೆ. ಕಾಲೇಜಿನಲ್ಲಿ ಇದನ್ನು ಓದಿ, ಐದು ಅಂಕಗಳ ಪ್ರಶ್ನೆಗೆ ಐದಂಕವನ್ನೂ ಪಡೆದಿದ್ದೆ.

ಹಿಂದೆ ನಿಂತಿದ್ದ ಚೇಚಿ ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದರು. “ಎಂಡೆ ಮಾತಾವೇ,” ಎಂದು ದೇವಮಾತೆಯನ್ನು ಕರೆದರು. ಆಮೇಲೆ ಒಮ್ಮೆಲೇ, “ಓಡು! ಹನ್ನೊಂದೂವರೆ ದೋಣಿ! ನಾನು ಸಾರ್‌ಗೆ ಹೇಳ್ತೀನಿ, ನೀನು ಓಡು!”

ಕೈಗವಸನ್ನು ಕಳಚದೆಯೇ ಓಡಿದೆ. ದೋಣಿ ಇನ್ನೂ ಬಂದಿರಲಿಲ್ಲ. ಔತಚ್ಚನ್ ದೋಣಿಕಟ್ಟೆಯ ತುದಿಯಲ್ಲಿ ಕುಳಿತಿದ್ದರು. ಔಷಧದ ಚೀಲ ಪಕ್ಕದಲ್ಲಿತ್ತು. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಅವರ ಹಲ್ಲುಗಳು ಕಟಕಟ ಎನ್ನುತ್ತಿದ್ದವು.

“ಅಪ್ಪಚ್ಚಾ, ವಾಪಸ್ ಬನ್ನಿ. ಇನ್ನೊಂದು ಪರೀಕ್ಷೆ ಇದೆ.”

“ಶ್... ಮೆಲ್ಲಗೆ ಮಾತಾಡು ಮೋಳೆ. ಚದುರಿ ಹೋಗ್ತವೆ.”

“ಏನು?”

“ಕಾಣ್ಸಲ್ವಾ ನಿಂಗೆ? ಎಂಟುನೂರೂ ಬಂದಿವೆ. ಅಲ್ನೋಡು, ಆ ಕುಂಟೀನೂ ಬಂದಿದೆ.”

ಅವರು ನೀರಿನತ್ತ ಬೆರಳು ತೋರಿಸಿದರು. ಕಾಲುವೆಯಲ್ಲಿ ತೇಲುವ ಅಂತರಗಂಗೆ ಗಿಡಗಳ ಹೊರತು ಏನೂ ಇರಲಿಲ್ಲ. ಅವರು ನಾಲಿಗೆಯಿಂದ ಬಾತುಗಳನ್ನು ಕರೆಯುವ ಸದ್ದು ಮಾಡುತ್ತ ಮುಂದಕ್ಕೆ ವಾಲಿದರು. ನಾನು ಅವರ ಅಂಗಿಯನ್ನು ಹಿಂದಿನಿಂದ ಎರಡೂ ಕೈಗಳಲ್ಲಿ ಹಿಡಿದೆ. ಬಟ್ಟೆಯ ಮೂಲಕ ಅವರ ಬೆನ್ನು ಒಲೆಯಂತೆ ಸುಡುತ್ತಿತ್ತು. ಸ್ಟ್ರೆಚರ್ ಬರುವವರೆಗೂ ಹಿಡಿತ ಬಿಡಲಿಲ್ಲ.

ಹಿಮ್ಮಡಿಯ ಗಾಯ ಹೊರಗಿನಿಂದ ಒಣಗಿತ್ತು. ಮಧ್ಯಾಹ್ನ ಅದನ್ನು ಸೀಳಿದಾಗ ಕೀವು ಮೀನಖಂಡದವರೆಗೂ ಏರಿತ್ತು. ಮೂರು ಗಂಟೆಗೆ ಡಾಕ್ಟರ್ ಹರೀಂದ್ರನ್ ಪ್ರಯೋಗಾಲಯದ ಬಾಗಿಲಿಗೆ ಬಂದರು.

“ಬಿಪಿ ಹಿಡ್ಕೊಂಡಿದೆ, ಜೀವಕ್ಕೆ ಅಪಾಯ ಇಲ್ಲ ಅನ್ಸತ್ತೆ. ಕಾಲು ಉಳಿಯತ್ತೋ ಇಲ್ವೋ ಈಗ್ಲೇ ಹೇಳೋಕಾಗಲ್ಲ. ಆ ದೋಣಿ ಹತ್ತಿಬಿಟ್ಟಿದ್ರೆ...”

“ಸಾರ್, ಬೆಳಗಿನ ಸಹಿ ನನ್ನದು,” ಎಂದೆ.

“ಚೀಟಿ ನಂದು,” ಎಂದರು ಚೇಚಿ.

ಡಾಕ್ಟರ್ ನಮ್ಮಿಬ್ಬರನ್ನೂ ನೋಡಿ, ವಾರ್ಡಿಗೆ ಮರಳಿದರು.

ಚೇಚಿ ಆ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದರು. ಅನಂತರ ಫ್ರಿಜ್ಜನ್ನು ತೆರೆದು, ಒಳಗಿನಿಂದ ಒಂದು ಸ್ಟ್ಯಾಂಡನ್ನು ಎರಡೂ ಕೈಗಳಲ್ಲಿ ಹೊರತಂದು ನನ್ನ ಮುಂದಿಟ್ಟರು. ಒಂದು ವಾರದ ಸೀರಂಗಳನ್ನು ನಾವು ಎಸೆಯದೆ ಇಟ್ಟಿರುತ್ತೇವೆ. ಇಪ್ಪತ್ತಮೂರು ನಳಿಕೆಗಳು, ಪ್ರತಿಯೊಂದರ ಹೆಸರಿನ ಮುಂದೆ ನನ್ನ ಅಚ್ಚುಕಟ್ಟಾದ ಅಕ್ಷರದಲ್ಲಿ ‘ಇಲ್ಲ’. ಅದಕ್ಕೂ ಹಿಂದಿನ ವಾರದವು ಚರಂಡಿ ಸೇರಿದ್ದವು.

“ನೀನು ತೆಳುಮಾಡು, ನಾನು ತೂಗ್ತೀನಿ,” ಎಂದರು ಚೇಚಿ. ಅವರ ದನಿಯಲ್ಲಿ ಬೆಳಗಿನ ನಗೆ ಉಳಿದಿರಲಿಲ್ಲ.

ಮೊದಲ ನಳಿಕೆಯದನ್ನು ಎಂಟು ಪಟ್ಟು ತೆಳುಮಾಡಿ ಹಲಗೆಗೆ ಹಾಕಿದೆ. ಚೇಚಿ ತೂಗತೊಡಗಿದರು. ನಾವಿಬ್ಬರೂ ಬಗ್ಗಿ, ಆ ಒಂದು ಬಿಳಿಯ ತೊಟ್ಟನ್ನು ಎರಡು ನಿಮಿಷ ನೋಡುತ್ತ ನಿಂತೆವು.