ನಮ್ಮಾಳು ಓಗ್ತಾನೆ

ಟಕ್ ಟಕ್ ಟಕ್ ಎಂದು ಬೂಟಿನ ಸದ್ದು, ಮತ್ತೆ ಗೋಡೆಗೆ ಹೋಗಿ ಒರಗಿದ ಅನ್ನಿಸುತ್ತದೆ, ತಲೆ ಎತ್ತುವುದೇ ಬೇಡ, ರಾಟೆ ತಿರುಗಿಸುತ್ತ ಕೂತಲ್ಲಿಂದಲೇ ರಾಜಾತಿಗೆ ಗೊತ್ತು — ಟಿವಿಯೊಳಗೆ ಬೆನ್ನಿಗೆ ಚೀಲ ಹಾಕಿಕೊಂಡ ಆ ಮನುಷ್ಯ ಎಡಕ್ಕೆ ಎಡಕ್ಕೆ ನಡೆದು, ಕಲ್ಲುಗೋಡೆಗೆ ಮೂಗು ತಾಗಿಸಿ, ಅಲ್ಲೂ ನಿಲ್ಲದೆ ಕಾಲು ಹಾಕುತ್ತಲೇ ಇದ್ದಾನೆ, ಮುಂದೆ ಹೋಗಲಾರ, ನಿಲ್ಲಲಾರ, ಮಂಚದ ಮೇಲೆ ದಿಂಬಿಗೆ ಒರಗಿದ ಗಂಡ ಮಾರಿಯಪ್ಪ, ಗುಗೈ ಬೀದಿಯಲ್ಲಿ ಇವನಂಥ ಅಂಚು ನೇಯುವವನು ಇನ್ನೊಬ್ಬನಿಲ್ಲ ಎಂದು ಹೆಸರು ಮಾಡಿದ ಗಂಡಸು, ಮಗುವಿನ ಹಾಗೆ ಕೂಗುತ್ತಾನೆ, ನೋಡು ರಾಜಾತಿ, ನಮ್ಮಾಳು ಓಗ್ತಾವ್ನೆ, ಎಬ್ಬೆಟ್ಟು ಎಂಗ್ ತಳ್ತೈತೆ ನೋಡು! ನೋಡ್ದೆ ನೋಡ್ದೆ ಅಂದಳು. ನೋಡುವುದೇನು ಮಣ್ಣು. ದೀಪಾವಳಿಯ ಸೀರೆ ಇನ್ನೂ ಮಗ್ಗದಲ್ಲಿರುವಾಗಲೇ ಲಕ್ವ ಹೊಡೆದು ಅವನ ಎಡಗೈ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು, ಬೆರಳು ಆಡಿಸುತ್ತಿರಬೇಕು, ಎಬ್ಬೆಟ್ಟು ಮೊದಲು ಬರಬೇಕು ಅಂದರು ಆಸ್ಪತ್ರೆಯಲ್ಲಿ, ಹಿಸುಕೋಕೆ ಒಂದು ಹಳದಿ ಚೆಂಡು ಕೊಟ್ಟರು, ಬೇಕಾದ್ರೆ ಗೇಮ್ ಆಡ್ಲಿ ಅಂತ ಒಂದು ಮಾತು ಸೇರಿಸಿದರು, ಅಷ್ಟೇ ಸಾಕಾಯಿತು ಧರ್ಮಪುರಿಯ ಮಗಳಿಗೆ, ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಜಯಪ್ರಿಯಾಗೆ, ಜೊತೆಗೆ ಕೆಲಸ ಮಾಡುವ ಗೋವಿಂದನ್ ಹತ್ತಿರ ಹಳೆಯ ಗೇಮ್ ಪೆಟ್ಟಿಗೆ ಇದೆ ಅಂತ ಕಂತಿನಲ್ಲಿ ತಂದುಬಿಟ್ಟಳು. ಪೆಟ್ಟಿಗೆಯೋ ಅದು, ಮನೆಗೆ ಬಂದ ಬೀಗರೋ! ಬಂದ ದಿನವೇ ಅಪ್‌ಡೇಟ್ ಬೇಕು ಅಂತ ಕೂತಿತು, ಅವಳ ಫೋನಿನ ನೆಟ್ಟೆಲ್ಲ ಕುಡಿದು ಇನ್ನೂ ಬೇಕು ಅಂದಿತು, ಆಟ ಬೇರೆ ಕೊಳ್ಳಬೇಕಂತೆ, ಒಂದೊಂದು ಆಟಕ್ಕೆ ರೇಷ್ಮೆ ಸೀರೆಯ ಕೂಲಿ, ಡಿಸ್ಕ್ ತಂದರೆ ಹಾಕಲು ಬಾಯೇ ಇಲ್ಲ, ಈ ಮಾಡೆಲ್ಲಿಗೆ ಬಾಯಿ ಇರಲ್ಲಮ್ಮಾ ಅಂತ ಮಗಳು, ಹೊಟ್ಟೆ ಇಷ್ಟು ದೊಡ್ಡದು, ಬಾಯಿ ಇಲ್ಲವಾ ಅಂತ ಇವಳು, ಕಡೆಗೆ ಪುಕ್ಕಟೆ ಸಿಕ್ಕಿದ್ದು ಈ ಚೀಲದ ಮನುಷ್ಯನ ಆಟವೊಂದೇ, ಅದಕ್ಕೂ ಪಕ್ಕದ ಮನೆಯ ಪವರ್‌ಲೂಮ್ ಶುರುವಾದರೆ ಕರೆಂಟು ಕುಗ್ಗಿ ಪೆಟ್ಟಿಗೆ ಆರಿಹೋಗುತ್ತದೆ, ಮತ್ತೆ ಹಚ್ಚಿದರೆ ಸರಿಯಾಗಿ ಆರಿಸಲಿಲ್ಲ ಅಂತ ನಮಗೇ ಬೈಗುಳ. ಅಷ್ಟಾದರೂ ಮೊದಲ ದಿನ ರಾಜಾತಿಯೇ ಆ ಸತ್ತ ಎಬ್ಬೆಟ್ಟನ್ನು ಎತ್ತಿ, ಪೆಟ್ಟಿಗೆಯ ರಿಮೋಟಿನ ಅಣಬೆಯಂಥ ಗುಂಡಿಯ ಮೇಲೆ ಇಟ್ಟಾಗ, ಟಿವಿಯ ಅಂಗಳದ ನಡುವಿನಿಂದ ಆ ಮನುಷ್ಯ ಒಂದು ಹೆಜ್ಜೆ ಎತ್ತಿಟ್ಟ, ಇನ್ನೊಂದು ಇಟ್ಟ, ಮಾರಿಯಪ್ಪ ಅತ್ತುಬಿಟ್ಟ. ಅವಳೂ ಅತ್ತಳು, ಮಾರಿಯಮ್ಮನ ಗುಡಿಯಲ್ಲಿ ಅಕ್ಕಿಹಿಟ್ಟಿನ ದೀಪ, ಮಾವಿಳಕ್ಕು ಹಚ್ಚಿ ಬಂದಳು. ಬಲಕ್ಕೆ ಯಾಕೆ ಬರಲ್ಲ ಅಂತ ಕೇಳಿದ್ದಕ್ಕೆ, ಬರ್ತಾನೆ ಬುಡು, ಮೊದ್ಲು ಎಡ ಪಳಗ್ಲಿ ಅಂದ.

ನೂಲು ಕಡಿಯಿತು, ಹಾಳಾದ್ದು, ಗಂಟು ಹಾಕಬೇಕು — ಆ ದಿನ ಹೀಗೇ ನೂಲು ಬಿಟ್ಟು ಎದ್ದು, ಅವನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಕೂರಿಸಿ, ಟವೆಲ್ ತರಲು ಒಳಗೆ ಬಂದರೆ, ಮಂಚ ಖಾಲಿ, ರಿಮೋಟು ದುಪ್ಪಟಿಯ ಮೇಲೆ ಅಂಗಾತ ಬಿದ್ದಿದೆ, ಮುಟ್ಟಿದವರು ಯಾರೂ ಇಲ್ಲ, ಟಿವಿಯೊಳಗೆ ನಮ್ಮಾಳು ತನ್ನ ಪಾಡಿಗೆ ತಾನು ಎಡಕ್ಕೆ ನಡೆಯುತ್ತಿದ್ದಾನೆ, ಗೋಡೆ, ಟಕ್ ಟಕ್ ಟಕ್. ಸೆರಗಿನಲ್ಲಿ ರಿಮೋಟು ಮುಚ್ಚಿಕೊಂಡು, ಹಿಟ್ಟು ಬೀಸಿಸಲು ಹೋಗುತ್ತೇನೆ ಅಂತ ಸುಳ್ಳು ಹೇಳಿ, ಬಸ್‌ಸ್ಟ್ಯಾಂಡ್ ಹತ್ತಿರದ ರಿಪೇರಿ ವಿಶ್ವನಾಥನ್ ಮುಂದೆ ಹೋಗಿ ನಿಂತಳು. ಅವನು ಹಲ್ಲಿನಲ್ಲಿ ಸ್ಕ್ರೂ ಕಚ್ಚಿಕೊಂಡೇ ನಕ್ಕ, ಅಕ್ಕಾ ಇದು ಡ್ರಿಫ್ಟು, ಉಳ್ಳೆ ತೇಂಜು ಪೋಚ್ಚು, ಯಾರುಮೇ ತೊಡ ವೇಂಡಾಂ, ತಾನಾ ಪೋಗುಂ. ತಾನಾ ಪೋಗುಂ. ಒಳಗೆ ಸವೆದಿದೆಯಂತೆ, ಯಾರೂ ಮುಟ್ಟಬೇಕಾಗಿಲ್ಲ, ತಾನಾಗಿಯೇ ಹೋಗುತ್ತದಂತೆ. ಈ ಕಂಪನಿಯ ರಿಮೋಟೆಲ್ಲ ಹೀಗೇ ಅಕ್ಕಾ, ಪೆಟ್ಟಿಗೆ ಗಟ್ಟಿ, ಇದು ಮಾತ್ರ ಬೇಗ ಸವೆಯುತ್ತೆ, ಹೊಸದು ತಗೊಳ್ಳಿ ಅಂತ ಅವನು ಬೆಲೆ ಹೇಳಿದ, ತಿಂಗಳಿಡೀ ಲಾಳಿಗೆ ನೂಲಿನ ಕಂಡಿಕೆ ಸುತ್ತಿದರೂ ಆಗದ ಬೆಲೆ, ಇಲ್ಲದಿದ್ದರೆ ಬಿಚ್ಚಿ ಸರಿ ಮಾಡಿಕೊಡಲಾ ಅಂದಾಗ ಅವಳು ಕಿತ್ತುಕೊಂಡಳು, ಬೇಡಪ್ಪಾ, ಇಂಗೇ ಇರ್ಲಿ. ಸರಿಮಾಡಬೇಡ ಅನ್ನುವ ಗಿರಾಕಿಯನ್ನು ಅವನು ಹುಟ್ಟಿದಾರಭ್ಯ ಕಂಡಿರಲಿಕ್ಕಿಲ್ಲ. ಹಾದಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡಳು, ಇದೇನು ಮೋಸವಾ, ನಮ್ಮ ಮನೆಗಳಲ್ಲಿ ಮಗ್ಗ ಕಲಿಸುವುದೇ ಹೀಗಲ್ಲವಾ, ಮಗ್ಗದ ಕುಳಿಯಲ್ಲಿ ಕಾಲು ಇಳಿಬಿಟ್ಟು ಕೂತ ಹುಡುಗನ ಕೈ ಮೇಲೆ ಅಪ್ಪ ಕೈಯಿಟ್ಟು ಎಳೆಯುತ್ತಾನೆ, ಲಾಳಿ ಓಡುತ್ತದೆ, ಹುಡುಗ ತಾನೇ ನೇಯುತ್ತಿದ್ದೇನೆ ಅಂದುಕೊಳ್ಳುತ್ತಾನೆ, ಒಂದು ದಿನ ಅಪ್ಪ ಹೇಳದೆ ಕೇಳದೆ ಕೈ ತೆಗೆಯುತ್ತಾನೆ, ಲಾಳಿ ಓಡುತ್ತಲೇ ಇರುತ್ತದೆ, ಮಾವನವರು ಮಾರಿಯಪ್ಪನಿಗೆ ಕಲಿಸಿದ್ದೂ ಹೀಗೇ, ಈ ರಿಮೋಟೂ ಹಾಗೇ ಕೈ ಮೇಲೆ ಕೈ ಇಟ್ಟಿದೆ ಅಷ್ಟೇ. ಅಷ್ಟೇನಾ? ಆಮೇಲೆ ಅವನು ಚೆಂಡು ಹಿಸುಕುವುದನ್ನೇ ಬಿಟ್ಟ. ಹಿಸುಕಿ ಅಂದರೆ, ಅದ್ಯಾಕೆ ಇನ್ನ, ಕೈ ಬಂತಲ್ಲಾ ಅಂದ. ಮಂಚದ ಕೆಳಗೆ ಧೂಳು ಹಿಡಿದು ಬಿದ್ದಿದೆ ಅದು, ದಿನಾ ಗುಡಿಸುವಾಗ ಪೊರಕೆಗೆ ಸಿಗುತ್ತದೆ, ದಿನಾ ಹೇಳಬೇಕು ಅಂದುಕೊಳ್ಳುತ್ತಾಳೆ, ದಿನಾ ಅವನು ನಗುತ್ತಾನೆ, ಅವಳು ಚೆಂಡನ್ನು ಮತ್ತೆ ಮಂಚದ ಕೆಳಕ್ಕೇ ತಳ್ಳುತ್ತಾಳೆ.

ಮಗಳಿಗಾದರೂ ಹೇಳಿಬಿಡಬೇಕಿತ್ತು. ಯಾವಾಗ ಹೇಳುವುದು, ಎಲ್ಲಿ ನಿಂತು ಹೇಳುವುದು, ಮಗ್ಗ ಅರ್ಧ ಮನೆ ತಿಂದಿದೆ, ಉಳಿದರ್ಧದಲ್ಲಿ ಅವನ ಮಂಚ, ಪಿಸುಗುಟ್ಟಿದರೂ ಏನದು ಅನ್ನುತ್ತಾನೆ, ಫೋನೋ ಸ್ಪೀಕರ್ ಹಾಕದಿದ್ದರೆ ಕೇಳಿಸುವುದಿಲ್ಲ. ಮೊನ್ನೆ ವೀಡಿಯೋ ಕಾಲಿನಲ್ಲಿ ಅಪ್ಪನ ಆಟ ನೋಡಿ ಜಯಪ್ರಿಯಾ ಸಿಡುಕಿದಳು, ಏನಮ್ಮಾ ಅದು, ಸುಮ್ನೆ ಗೋಡೆಗ್ ಓಗಿ ಮುಟ್ತೈತೆ, ರಿಮೋಟ್ ಸರಿಯಿಲ್ಲ, ಇದ್ರಲ್ಲಿ ಅಪ್ಪಂಗೆ ಎಕ್ಸರ್ಸೈಸ್ ಎಂಗಾಗುತ್ತೆ, ನಾನು ಹೊಸ್ದು ತರ್ತೀನಿ, ಬೋನಸ್ ಬಂದೈತೆ. ಬೇಡಮ್ಮಾ ಬೇಡ ಅಂದಳು ರಾಜಾತಿ, ನಿಂಗ್ಯಾಕೆ ಖರ್ಚು ಅಂದಳು, ಮಂಚದಿಂದ ಅವನು, ತರ್ಲಿ ಬುಡು, ಹೊಸದರಲ್ಲಿ ನಮ್ಮಾಳು ಇನ್ನೂ ಜೋರಾಗ್ ಓಗ್ತಾನೆ. ದುಡ್ಡಿನ ಮಾತು ಬಿಟ್ಟರೆ ಬೇರೆ ನೆಪವೇ ಸಿಗಲಿಲ್ಲ, ಆ ನೆಪ ಮಗಳ ಮುಂದೆ ನಡೆಯಲಿಲ್ಲ. ಈಗ ಹೊಸದು ಹಿಡಿದು ಅವಳು ಬರುತ್ತಿರುವ ಬಸ್ಸು ಎಲ್ಲಿಯೋ, ಕಡೆಗೂ ಧೈರ್ಯ ಮಾಡಿ ಈ ಅರ್ಧ ಗಂಟೆಯಲ್ಲಿ ಮೂರು ಸಲ ಹಿತ್ತಲಿಗೆ ಹೋಗಿ ಫೋನ್ ಹಚ್ಚಿದಳು, ತೊಡರ್ಬು ಎಲ್ಲೈಕ್ಕು ವೆಳಿಯೇ ಅಂತ ಹೆಂಗಸಿನ ದನಿ, ಸಂಪರ್ಕದ ಎಲ್ಲೆಯ ಹೊರಗಂತೆ, ತೊಪ್ಪೂರು ಘಾಟಿಯಲ್ಲಿ ಇಳಿಯುತ್ತಿರಬೇಕು, ಅಲ್ಲಿ ಯಾರ ಫೋನೂ ಸಿಗುವುದಿಲ್ಲ. ಬಾಗಿಲಲ್ಲೇ ತಡೆಯುತ್ತೇನೆ, ಮೊದಲು ಕಾಲು ತೊಳ್ಕೋ ಅಂತ ಹಿತ್ತಲಿಗೆ ಎಳೆದುಕೊಂಡು ಹೋಗುತ್ತೇನೆ, ಹೇಳುತ್ತೇನೆ, ನಿಮ್ಮಪ್ಪನ ಬೆರಳು ಬಂದಿಲ್ಲ ಕಣಮ್ಮಾ, ಬಂದಿಲ್ಲ, ನಾನು ಬಂದಿದೆ ಅನ್ನಿಸಲು ಬಿಟ್ಟೆ — ಇಷ್ಟನ್ನು ಹೇಳಲು ಎಷ್ಟು ಹೊತ್ತು ಬೇಕು, ಆದರೆ ಹೇಳಿದ ಮೇಲೆ ಅವಳಾದರೂ ಏನು ಮಾಡಿಯಾಳು.

ಅಮ್ಮಾ ಅಂತ ದನಿ, ಬಂದೇಬಿಟ್ಟಳು, ರಾಟೆ ಸರಿಸಿ ಏಳುವಷ್ಟರಲ್ಲಿ ಮಂಡಿ ಹಿಡಿದುಕೊಂಡಿತು, ಹಾಳು ಮಂಡಿ, ಜಯಪ್ರಿಯಾ ಚಪ್ಪಲಿ ಬಿಟ್ಟವಳೇ ಸೀದಾ ಮಂಚದ ಹತ್ತಿರ, ಕಾಲು ತೊಳ್ಕೋ ಬಾಮ್ಮಾ ಅಂತ ಇವಳು, ಇರಮ್ಮಾ ಅಂತ ಮಗಳು, ಮೊದ್ಲು ಕಾಲು ತೊಳ್ಕೋ, ಅಯ್ಯೋ ಇರಮ್ಮಾ ಅಪ್ಪ ಕಾಯ್ತಾವ್ರೆ, ಡಬ್ಬಿ ಹರಿದ ಸದ್ದು, ಹೊಸ ಪ್ಲಾಸ್ಟಿಕ್ಕಿನ ವಾಸನೆ, ಹಳೆಯ ರಿಮೋಟು ಮಗಳ ಕೈಯಿಂದ ಚೀಲದೊಳಗೆ ಹೋಯಿತು, ಮಗಳೇ ಅಪ್ಪನ ಎಬ್ಬೆಟ್ಟೆತ್ತಿ ಹೊಸ ಗುಂಡಿಯ ಮೇಲಿಟ್ಟಳು, ಟಿವಿಯಲ್ಲಿ ಅಂಗಳ ತೆರೆಯಿತು. ಬೂಟಿನ ಸದ್ದಿಲ್ಲ. ಓಗಲಾ, ಅಂದ ಮಾರಿಯಪ್ಪ, ನಗುತ್ತಲೇ, ಲೇ, ಓಗಲಾ. ಸದ್ದಿಲ್ಲ. ಕೊರಳಿನ ನರ ಬಿಗಿದು, ಹುಬ್ಬು ಬಿಗಿದು, ಬಲಗಾಲಿನ ಬೆರಳು ಕೂಡ ಬಿಗಿದು, ಎಡಗೈ ಒಂದು ಬಿಟ್ಟು ಮೈಯೆಲ್ಲ ತಳ್ಳುತ್ತಿದೆ, ದೇವರೇ ಪವರ್‌ಲೂಮ್ ಶುರುವಾಗಬಾರದಾ, ಕರೆಂಟು ಹೋಗಬಾರದಾ, ಇವತ್ತು ಭಾನುವಾರ, ಪಕ್ಕದವರಿಗೆ ರಜೆ. ಇದು ಸರಿಯಿಲ್ಲಮ್ಮಾ, ಅಂಗಡಿಯೋನು ಏಮಾರ್ಸವ್ನೆ, ಹಳೇದೇ ಕೊಡು ಅಂದ. ಜಯಪ್ರಿಯಾ ನಕ್ಕಳು, ಪ್ರೀತಿಯಿಂದಲೇ ನಕ್ಕಳು, ಅಯ್ಯೋ ಅಪ್ಪಾ, ಕೆಟ್ಟಿರೋದು ಅದು, ಅದನ್ನ ಯಾರೂ ಮುಟ್ಟೋದೇ ಬೇಡ, ತಾನಾ ಓಗುತ್ತೆ, ಬೇಕಾದ್ರೆ ದಿನಾ ನೋಡೋ ಅಮ್ಮನ್ನ ಕೇಳು. ಮಾರಿಯಪ್ಪ ನಿಧಾನಕ್ಕೆ ಕುತ್ತಿಗೆ ತಿರುಗಿಸಿ ರಾಜಾತಿಯ ಮುಖ ನೋಡಿದ, ನೋಡುತ್ತಲೇ ಇದ್ದ, ಎದುರು ನೋಡಲಾರದೆ ಅವಳು ಟಿವಿಯತ್ತ ಕಣ್ಣು ಹೊರಳಿಸಿದಳು, ಅಲ್ಲಿ ನಮ್ಮಾಳು ಅಂಗಳದ ನಡುವೆ ನಿಂತಿದ್ದಾನೆ, ಇನ್ನೇನು ಹೊರಡುವವನ ಹಾಗೆ ಬೆನ್ನಿನ ಚೀಲ ಸರಿಮಾಡಿಕೊಳ್ಳುತ್ತಾನೆ, ನಿಂತಿದ್ದಾನೆ, ಚೀಲ ಸರಿಮಾಡಿಕೊಳ್ಳುತ್ತಾನೆ, ನಿಂತಿದ್ದಾನೆ