ಡಬ್ಬಿಯೊಳಗಿನ ಹಳದಿ ಹರಳು

ಫೋನು ಬಂದಾಗ ಜಕ್ಕಪ್ಪ ಕುರಿಯೊಂದರ ಗೊರಸಿನಿಂದ ಮುಳ್ಳು ಕೀಳುತ್ತಿದ್ದ. ಮಾತಾಡಿದವಳು ಕೋಮಲ. ಚಿಕ್ಕೋಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅವನ ತಮ್ಮ ಹಾಲೇಶನ ಶಿಷ್ಯೆ.

"ಕಾಕಾ, ಸರ್ ಲ್ಯಾಬಿನ್ಯಾಗ ಬಿದ್ದಬಿಟ್ರಿ. ದವಾಖಾನಿಗಿ ತಂದೇವಿ..."

"ಅದಾನೋ ಇಲ್ಲೋ, ಅಷ್ಟ ಹೇಳ ತಂಗಿ."

"ಇಲ್ರಿ ಕಾಕಾ."

ಜಕ್ಕಪ್ಪ ಫೋನನ್ನು ಜೇಬಿಗೆ ಹಾಕಿದ. ಅರ್ಧ ಬಂದಿದ್ದ ಮುಳ್ಳನ್ನು ಪೂರ್ತಿ ಕಿತ್ತು ಕುರಿಯ ಕಾಲು ಬಿಟ್ಟ. ಅವ್ವನಿಗೆ ಹೇಗೆ ಹೇಳಲಿ ಎಂದು ಯೋಚಿಸುತ್ತ ಸತ್ತಿ ಊರಿನ ಮನೆಯ ಕಡೆ ನಡೆದ.

ಸತ್ತವರು ಮೈಮೇಲೆ ಇಟ್ಟುಕೊಳ್ಳುತ್ತಿದ್ದ ವಸ್ತುವನ್ನು ಮೂರನೆಯ ದಿನ ಕೃಷ್ಣೆಗೆ ಬಿಡುವುದು ಅವರ ಮನೆತನದ ಪದ್ಧತಿ. ಬಿಡದಿದ್ದರೆ ಹೋದವರು ಅದನ್ನು ಹುಡುಕಿಕೊಂಡು ತಿರುಗುತ್ತಾರೆ. ಹಾಲೇಶನ ಅಂಗಿಯ ಜೇಬಿನಲ್ಲಿ ಸಿಕ್ಕಿದ್ದು ಒಂದು ಹಿತ್ತಾಳೆಯ ಡಬ್ಬಿ. ನೌಕರಿ ಸೇರಿದ ದಿನ ತಾಯಿ ದುಂಡವ್ವ ಅದರಲ್ಲಿ ಮನೆದೇವರು ಅಮೋಘಸಿದ್ಧಪ್ಪನ ಭಂಡಾರ, ಪೂಜೆಯ ಅರಿಷಿಣದ ಪುಡಿ, ತುಂಬಿ ಕೊಟ್ಟಿದ್ದಳು. ಈಗ ತೆರೆದಾಗ ಅರಳೆಯ ಮೇಲೆ ಉಗುರಿನಷ್ಟು ಹಳದಿ ಚೂರು ಕಂಡಿತ್ತು. ಭಂಡಾರವೇ ಗಟ್ಟಿಯಾಗಿದೆ ಎಂದುಕೊಂಡಳು. ಮಗ ಕೊನೆಯವರೆಗೂ ಎದೆಯ ಮೇಲೆ ದೇವರನ್ನು ಇಟ್ಟುಕೊಂಡಿದ್ದ ಎಂದು ಆ ಮೂರು ದಿನ ಬಂದವರಿಗೆಲ್ಲ ಹೇಳಿದಳು. ಅವಳನ್ನು ಹಿಡಿದು ನಿಲ್ಲಿಸಿದ್ದು ಆ ಮಾತೊಂದೇ.

ಮೂರನೆಯ ದಿನ ಅವಳು ಡಬ್ಬಿ ಹಿಡಿದು ಹೊಳೆಯ ಮೊಣಕಾಲುದ್ದ ನೀರಿಗೆ ಇಳಿದಾಗ ದಂಡೆಯ ಮೇಲೆ ಯಾರೋ ಕೂಗಿದರು.

"ಆಯೀ, ಬಿಡಬ್ಯಾಡ್ರಿ! ಕಾಕಾ, ತಡೀರಿ!"

ಡಬ್ಬಿಯನ್ನು ಹೊಳೆಗೆ ಬಿಡುತ್ತಾರೆಂಬ ಸುದ್ದಿ ತಿಳಿದು ಕೋಮಲ ಬಸ್‌ಸ್ಟ್ಯಾಂಡಿನಿಂದ ಓಡಿಬಂದಿದ್ದಳು. ಏದುಸಿರು ಬಿಡುತ್ತಲೇ ಹೇಳಿದಳು: "ಅದು ಭಂಡಾರ ಅಲ್ರಿ. ಸರ್ ಅಳೀತಿದ್ದ ಹರಳು."

ದುಂಡವ್ವ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. "ಸುಳ್ಳ ಹೇಳಬ್ಯಾಡ. ನಾನ ಕೊಟ್ಟ ಡಬ್ಬಿ ಇದು."

"ಏನ ಮಾಡತೈತಿ ಅದು?" ಜಕ್ಕಪ್ಪ ಕೇಳಿದ.

"ಹಸಿರು ಬೆಳಕು ಇದರಾಗ ಹಾದು ಆಚಿ ಕಡೆ ಬರತೈತ್ರಿ. ಎರಡೂ ಅಂಚಿಗೆ ವೋಲ್ಟೇಜ್ ಏರಿಸಿದ್ರ, ಹಾಯೂ ಬೆಳಕಿನಾಗ ಒಂಚೂರು ಹರಳೇ ನುಂಗತೈತಿ. ಬಂದ್ ಮಾಡಿದ್ರ ಮತ್ತ ಮೊದಲಿನಂಗ."

"ಕಣ್ಣಿಗಿ ಕಾಣತೈತೇನ?"

"ಇಲ್ರಿ. ಮೀಟರಿಗಷ್ಟ ಗೊತ್ತಾಗತೈತಿ."

"ಬೆಳಕು ನುಂಗೂ ಕಲ್ಲು!" ಅಂದಳು ದುಂಡವ್ವ. "ನನ್ನ ಮಗನ್ನೂ ನುಂಗೇತಿ ನೋಡ. ಹೋಗಲಿ ಹೊಳಿಗಿ."

ಅವಳು ಇನ್ನೊಂದು ಹೆಜ್ಜೆ ಮುಂದಿಟ್ಟಳು. ಜಕ್ಕಪ್ಪ ನೀರಿಗಿಳಿದು ಅವಳ ರಟ್ಟೆ ಹಿಡಿದ. ಹಿಡಿದವನಿಗೆ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಅವ್ವನ ಕೈ ತಡೆದವನಲ್ಲ ಅವನು.

"ಬ್ಯಾರೆ ಹರಳು ಸಿಗಂಗಿಲ್ಲೇನ ತಂಗಿ?" ಎಂದ, ತಿರುಗದೆಯೇ.

"ಸಿಗತೈತ್ರಿ. ಆದ್ರ ಇದರ ಅಳತಿ ಅದಕ್ಕ ಹೊಂದಂಗಿಲ್ಲ. ಎರಡ ವರ್ಷದ್ದೆಲ್ಲಾ ವ್ಯರ್ಥ ಆಗತೈತಿ. ಕಟ್ಟಕಡೀ ವೋಲ್ಟೇಜಿಂದು ಒಂದ ಅಳತಿ ಉಳದೈತ್ರಿ. ಅದನ್ನ ತಗೊಳಾಕಂತನ ಸರ್ ಅವತ್ತ ಲೈಟ್ ಆರಿಸಿ ಕೂತಿದ್ರು. ಹರಳು ಡಬ್ಬಿಯಿಂದ ತಗಿಯೂದರಾಗ ಬಿದ್ದಬಿಟ್ರು."

ಆಮೇಲೆ ಕೋಮಲ ಚೀಲದಿಂದ ಒಂದು ಪೊಟ್ಟಣ ತೆಗೆದಳು. ಚೌಕುಳಿಯ ಗ್ರಾಫ್ ಹಾಳೆಯದು, ನಾಲ್ಕೂ ಮೂಲೆ ಒಳಕ್ಕೆ ಮಡಚಿದ್ದವು. "ಹರಳಿಗೆ ಧೂಳು ಕೂಡಬಾರದು ಅಂತ ಡಬ್ಬಿ ಖಾಲಿ ಮಾಡಿದ್ರು. ಭಂಡಾರ ಇದರಾಗ ಕಟ್ಟಿ ಟೇಬಲ್ಲಿನ ಖಾನೆದಾಗ ಇಟ್ಟಿದ್ರು. 'ನಮ್ಮವ್ವಗ ಗೊತ್ತಾದ್ರ ನನ್ನ ಚರ್ಮಾ ಸುಲೀತಾಳ' ಅಂತ ನಗತಿದ್ರಿ."

ದುಂಡವ್ವ ಪೊಟ್ಟಣ ಇಸಿದುಕೊಂಡು ಮೂಸಿದಳು. ಅವಳೇ ಕುಟ್ಟಿದ ಅರಿಷಿಣ. ಮಡಿಕೆ ಬಿಚ್ಚಿದ ಕಡೆ ಹಾಳೆಯ ಮೇಲೆ ಮಗನ ಬೆರಳಚ್ಚು ಹಳದಿಯಾಗಿ ಮೂಡಿತ್ತು. ಬಹಳ ಹೊತ್ತು ಅದನ್ನೇ ನೋಡಿದಳು.

"ಮುಗಿಸಿರಲಿಲ್ಲ ಅಂದಿ?"

"ಇಲ್ರಿ ಆಯಿ."

"ಹಂಗಾದ್ರ ಇದನ್ನ ನೀರಿಗಿ ಬಿಟ್ರೂ ಅವ ಹುಡುಕ್ಕೋಂತ ಬರತಾನ." ಡಬ್ಬಿಯನ್ನು ಜಕ್ಕಪ್ಪನ ಕೈಗೆ ತಳ್ಳಿದಳು. "ತಗದ ಕೊಡೋ ಆಕಿಗಿ. ನನ್ನ ಕೈಲಿಂದ ಆಗಂಗಿಲ್ಲ."

ಮುಳ್ಳು ಕೀಳುವ ಬೆರಳುಗಳಿಂದ ಜಕ್ಕಪ್ಪ ಹರಳನ್ನು ಅರಳೆಯ ಸಮೇತ ಎತ್ತಿದ. ಹರಳಿಗೆ ಅಂಟಿಸಿದ್ದ ಕೂದಲಿನಂಥ ಎರಡು ತಂತಿಗಳಲ್ಲಿ ಒಂದು ಕಿತ್ತು ಜೋತಾಡುತ್ತಿತ್ತು.

"ಅಂಟಸ್ತೀನ್ರಿ," ಎಂದಳು ಕೋಮಲ. ಎರಡೂ ಅಂಗೈ ಜೋಡಿಸಿ ಚಾಚಿದಳು.

ಕೊಡುವ ಮೊದಲು ಜಕ್ಕಪ್ಪ ಹರಳನ್ನು ಒಮ್ಮೆ ಬಿಸಿಲಿಗೆ ಹಿಡಿದ. ಅವನ ಹಸ್ತದ ಮೇಲೆ ಹಳದಿ ಬೆಳಕಿನ ಸಣ್ಣ ಚೌಕ ಬಿತ್ತು.

ದುಂಡವ್ವ ಪೊಟ್ಟಣದ ಭಂಡಾರವನ್ನು ಡಬ್ಬಿಗೆ ಸುರಿದು ಮುಚ್ಚಳ ಒತ್ತಿದಳು. ಬಗ್ಗಿ ಅದನ್ನು ನೀರೊಳಗೆ ಬಿಟ್ಟಳು. ಕಾಣದಾದ ಮೇಲೂ ಅವಳ ಕೈ ನೀರಿನಲ್ಲೇ ಇತ್ತು.

"ಅಮೋಘಸಿದ್ಧಪ್ಪಾ, ಕತ್ತಲಾಗ ಕೂತಲ್ಲಿಂದನ ಎದ್ದ ಬಂದಾನ ನನ್ನ ಕೂಸು. ದಣದಾನ. ನಿನ್ನ ಪಾದದ ಹತ್ತರ ಮಲಗಸ್ಕೋ, ನನ್ನಪ್ಪಾ. ಎಬ್ಬಸಬ್ಯಾಡ."