ಮಾರ್ತಾ ಅಜ್ಜಿ ಕೊಟ್ಟ ದಿನ

ಚಹಾದ ಕೆಟಲ್ ಹಿಡಿದು ಹೊರಗೆ ಬಂದ ಜೋರ್ಕಾಳ ಕಣ್ಣು ಮೊದಲು ಹೋದದ್ದು ಬಾಗಿಲ ಪಕ್ಕದ ಕರಿಹಲಗೆಯ ಮೇಲೆ. ಅವಳು ಆಗಷ್ಟೇ ಬರೆದಿದ್ದ ‘ವಿಹ್ರೆನ್ ಶಿಖರದ ದಾರಿ ಮುಚ್ಚಿದೆ’ ಮಾಯವಾಗಿತ್ತು. ಆ ಜಾಗದಲ್ಲಿ ದಪ್ಪ ಅಕ್ಷರಗಳಲ್ಲಿ ‘ದಾರಿ ತೆರೆದಿದೆ’ ಎಂದಿತ್ತು. ಯಾರ ಕೈಬರಹವೆಂದು ಕೇಳಬೇಕಾಗಿರಲಿಲ್ಲ. ಅಪ್ಪ ಲಾಜಾರ್ ತನ್ನ ಮೀಸೆ ತೀಡುತ್ತ ಅಲ್ಲೇ ನಿಂತಿದ್ದ.

ಪಿರಿನ್ ಬೆಟ್ಟದ ಈ ತಂಗುಮನೆಯನ್ನು ಅವನು ಮಗಳಿಗೆ ಒಪ್ಪಿಸಿದ್ದು ಹೋದ ಶರತ್ಕಾಲದಲ್ಲಿ. ಒಪ್ಪಿಸಿದ್ದು ಬೀಗದ ಕೈ ಮಾತ್ರ; ಸೀಮೆಸುಣ್ಣವನ್ನಲ್ಲ.

“ಅಪ್ಪಾ, ಮೊನ್ನೆ ಗಾಳಿ ಹೊಸ ಹಿಮವನ್ನೆಲ್ಲ ತಂದು ಹಳೇ ಗಟ್ಟಿ ಹಿಮದ ಮೇಲೆ ಹೊದಿಸಿದೆ. ಬಿಸಿಲು ಏರಿದ್ರೆ ಎಲ್ಲಾ ಜಾರಿಬರುತ್ತೆ.”

“ಇವತ್ತು ನನ್ನ ದಿನ ಕಣೇ. ಆಕಾಶ ನೋಡು.”

ಬೆಟ್ಟದವರಿಗೆ ಮಾರ್ಚ್ ತಿಂಗಳೆಂದರೆ ಮಾರ್ತಾ ಅಜ್ಜಿ, ಗಳಿಗೆಗೊಂದು ಗುಣದ ಮುದುಕಿ. ತಿಂಗಳು ಹುಟ್ಟುವ ಮೊದಲೇ ಒಬ್ಬೊಬ್ಬರೂ ಅದರಲ್ಲೊಂದು ದಿನ ಆರಿಸಿಕೊಳ್ಳುತ್ತಾರೆ. ಆ ದಿನ ಹೇಗೋ ಅವರ ವರ್ಷ ಹಾಗೆ. ಲಾಜಾರ್ ಆರಿಸಿದ ದಿನ ಮೋಡದ ಚೂರೂ ಇಲ್ಲದೆ ಹೊಳೆಯುತ್ತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಕೈಗೆ ಮುದುಕಿ ಮೊಲವನ್ನೇ ತಂದುಕೊಟ್ಟಿದ್ದಳು.

ಅವನೊಬ್ಬನೇ ಆಗಿದ್ದರೆ ಕೋಣೆಯಲ್ಲಿ ಕೂಡಿ ಚಿಲಕ ಹಾಕಬಹುದಿತ್ತು. ಆದರೆ ಒಳಗೆ ಬೂಟು ಕಟ್ಟುತ್ತಿದ್ದ ಚಾರಣಿಗರೆಲ್ಲ “ಲಾಜಾರ್ ಮಾವ ಹೋದ್ರೆ ನಾವೂ ಬರ್ತೀವಿ” ಎಂದು ಕೂತಿದ್ದರು. ಜೋರ್ಕಾ ಕೆಟಲ್ ಕೆಳಗಿಟ್ಟಳು. ಅಷ್ಟು ಜನರನ್ನು ಆ ಇಳಿಜಾರಿಗೆ ಕಳಿಸಿ ತಾನು ಒಲೆ ಮುಂದೆ ಹೇಗೆ ಕೂರುವುದು? ಎಲ್ಲರ ಮುಂದೆ ಅಪ್ಪನ ಮುಖ ಮುರಿಯುವುದಾದರೂ ಹೇಗೆ?

“ಆಯ್ತು, ಹೋಗು,” ಎಂದಳು. “ಆದ್ರೆ ಈ ಮನೆಗೊಂದು ನಿಯಮ ಇದೆ. ಹೊರಡೋ ಮೊದಲು ಮುಂದಾಳು ಗುಂಡಿ ತೋಡಿ ಹಿಮ ನಿಲ್ಲುತ್ತೋ ಜಾರುತ್ತೋ ನೋಡ್ಬೇಕು. ಯಾರು ಮಾಡಿದ ನಿಯಮ ಅಂತ ಹೇಳ್ಬೇಕಾ?”

“ನಂದೇ,” ಎಂದು ಎದೆ ಉಬ್ಬಿಸಿದ ಲಾಜಾರ್. “ಬನ್ರೋ, ಕಲೀರಿ.”

ಮನೆಯ ಹಿಂದಿನ ಏರಿನಲ್ಲಿ ಅವನು ಗುಂಡಿ ತೋಡಿದ. ಗುಂಡಿಯ ಗೋಡೆಯಿಂದ ಹಿಮದ ಒಂದು ಕಂಬವನ್ನು ಬಿಡಿಸಿ ನಿಲ್ಲಿಸಿದ. ಅದರ ನೆತ್ತಿಯ ಮೇಲೆ ಸಲಿಕೆ ಇಟ್ಟು ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದ. ಎರಡನೇ ಪೆಟ್ಟಿಗೆ ಮೇಲಿನ ಪದರ ಇಡಿಯಾಗಿ ಜಾರಿ ಅವನ ಬೂಟಿನ ಮೇಲೆ ಬಿತ್ತು.

ಚಾರಣಿಗರ ನಡುವೆ ನಿಂತಿದ್ದ ಅವನ ಹಳೆಯ ಗೆಳೆಯ ಮೆಥೋದಿ ಕೆಮ್ಮಿದ. ಲಾಜಾರ್ ಇನ್ನೊಂದು ಕಂಬ ಬಿಡಿಸಿದ. ಅದೂ ಜಾರಿತು.

“ಹುರುಳಿಕಾಯಿ ಬೀಜದ ಸೂಪು ಕುದೀತಿದೆ,” ಎಂದಳು ಜೋರ್ಕಾ, ಬೇರೆಲ್ಲೋ ನೋಡುತ್ತ. “ತಳ ಹಿಡಿದೀತು, ಬನ್ನಿ.” ಮೊದಲು ಒಳಗೆ ಹೊರಟವನು ಲಾಜಾರ್.

ಮಧ್ಯಾಹ್ನದ ಹೊತ್ತಿಗೆ ಗುಡುಗಿದಂತೆ ಸದ್ದಾಯಿತು. ಕಿಟಕಿಗೆ ಓಡಿದವರಿಗೆ ಕಂಡದ್ದು, ಶಿಖರದ ದಾರಿಯನ್ನು ನುಂಗಿ ಕಣಿವೆಗೆ ಇಳಿಯುತ್ತಿದ್ದ ಬಿಳಿ ಧೂಳು. ಜೋರ್ಕಾ ಸೌಟು ಹಿಡಿದೇ ಒಳಗಿದ್ದ ತಲೆಗಳನ್ನು ಎಣಿಸಿದಳು.

“ಏನೋ ಲಾಜಾರ್, ಇವತ್ತು ನಿನ್ನ ದಿನ ಅಂದಿದ್ದೆ?” ಎಂದ ಮೆಥೋದಿ.

ಲಾಜಾರ್ ಬ್ರೆಡ್ಡನ್ನು ಸೂಪಿಗೆ ಅದ್ದಿದ. “ಅಲ್ವೇನೋ ಮತ್ತೆ? ಬಿಸಿ ಸೂಪು ಮುಂದಿದೆ, ನೀವೆಲ್ಲ ಸುತ್ತ ಇದೀರಿ. ಇದಕ್ಕಿಂತ ಒಳ್ಳೇ ದಿನ ಬೇಕಾ?”

“ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ!” ಎಂದ ಮೆಥೋದಿ. ಮನೆಯೆಲ್ಲ ನಕ್ಕಿತು, ಲಾಜಾರನೂ ನಕ್ಕ.

ನಗು ಇಳಿದ ಮೇಲೆ ಅವನು ಎದ್ದು ಹೊರಗೆ ಹೋದ. ಜೋರ್ಕಾ ಹಿಂದೆಯೇ ಹೋದಳು. ಅವನು ತನ್ನ ದಪ್ಪ ಅಕ್ಷರಗಳನ್ನು ತೋಳಿನಿಂದ ಒರೆಸುತ್ತಿದ್ದ. ಒರೆಸಿ ಮುಗಿಸಿದವನು ಜೇಬಿನಿಂದ ಸೀಮೆಸುಣ್ಣ ತೆಗೆದು ಅವಳ ಅಂಗೈಯಲ್ಲಿಟ್ಟ.

“ನೀನೇ ಬರಿ. ಇನ್ಮೇಲೆ ದಿನಾ ನೀನೇ ಬರಿ.”

ಅವಳು ‘ದಾರಿ ಮುಚ್ಚಿದೆ’ ಎಂದು ಬರೆದು, ಕಣ್ಣೊರೆಸಿಕೊಂಡು, ಕೆಳಗೆ ‘ಸೂಪು ಬಿಸಿಯಿದೆ’ ಎಂದು ಸೇರಿಸಿದಳು.